‘ಓಕೆ’ ಅಂದ್ರೆ ಏನು ಸ್ವಾಮಿ?

ಬೆಳಿಗ್ಗೆ ಬೀಪಿ ಮಾತ್ರೆ ತರೋಕೆ ಮೆಡಿಕಲ್ ಶಾಪಿಗೆ ಹೋಗಿದ್ದೆ. ಹುಡುಗ ಫೋನನ್ನ ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಯಾರದೋ ಆರ್ಡರ್ ಬರ್ಕೊಳ್ತಿದ್ದ. ‘ಹ್ಞಾಂ ಓಕೆ, ಓಕೆ ಸಾರ್, ಓಕೆ.’ ಚೀಟಿ ಇಣುಕಿ ನೋಡಿದೆ, 50 ಅಂತಿತ್ತು. ‘ಫಿಫ್ಟೀನೋ ಫಿಫ್ಟಿಯೋ, ತಿರುಗಿ ಕೇಳ್ಬಾರ್ದೇನಪ್ಪಾ?’ ಅಂದೆ. ‘ಅಂಕಲ್, ಅವ್ರಿಗೆ ಗೊತ್ತಿರುತ್ತೆ ಬಿಡಿ’ ಅಂತ ನಕ್ಕ. ಮೈ ಉರೀತು.

ಸ್ಟೇಷನ್ ಮಾಸ್ಟರಾಗಿದ್ದ ನನ್ನ ರೈಲ್ವೆ ಪುರಾಣ ನಿಮಗೆ ಹೊಸದಲ್ಲ. ಆದ್ರೆ ಇವತ್ತು ವಿಮಾನದ ವಿಷಯ.

1977ರ ಮಾರ್ಚ್ 27, ಟೆನೆರಿಫ್ ದ್ವೀಪ. ರನ್‌ವೇ ಮೇಲೆ ದಟ್ಟ ಮಂಜು. ಕೆಎಲ್‌ಎಂ ಕಂಪನಿಯ ಜಂಬೋ ವಿಮಾನಕ್ಕೆ ಸಿಕ್ಕಿದ್ದು ಹಾರಿದ ಮೇಲೆ ಹಿಡಿಯಬೇಕಾದ ದಾರಿಯ ಅನುಮತಿ ಮಾತ್ರ. ಕೋ-ಪೈಲಟ್ ಅದನ್ನ ತಿರುಗಿ ಹೇಳಿ, ಕೊನೇಲಿ ‘ವಿ ಆರ್ ನೌ ಅಟ್ ಟೇಕಾಫ್’ ಅಂದ. ಹೊರಡೋಕೆ ತಯಾರಾಗಿ ನಿಂತಿದ್ದಾರೆ ಅಂತ ಟವರಿನವನು, ಅಂದ್ರೆ ಅನುಮತಿ ಕೊಡೋ ಕಂಟ್ರೋಲರ್, ತಿಳ್ಕೊಂಡ. ಆದ್ರೆ ಅವರು ಆಗಲೇ ಓಡಿಸ್ತಿದ್ರು! ಟವರಿನ ಉತ್ತರ ‘ಓಕೆ’ಯಿಂದ ಶುರುವಾಯ್ತು. ‘ಕಾಯಿರಿ, ನಾನೇ ಕರೀತೀನಿ’ ಅನ್ನೋದು ಆಮೇಲೆ ಬಂತು. ಅದೇ ಗಳಿಗೆಗೆ ‘ನಾವಿನ್ನೂ ರನ್‌ವೇ ಮೇಲಿದ್ದೀವಿ’ ಅಂತ ಪ್ಯಾನ್ ಆ್ಯಮ್ ವಿಮಾನದವರೂ ಮಾತಾಡಿದ್ರಿಂದ ಎರಡು ದನಿ ಡಿಕ್ಕಿಯಾಗಿ ಕೆಎಲ್‌ಎಂ ಕಿವಿಗೆ ಬರೀ ಕೀರಲು. ಅದಕ್ಕೂ ಮುಂಚೆ ನೆಟ್ಟಗೆ ಕೇಳಿಸಿದ್ದು ಆ ಒಂದು ‘ಓಕೆ’. ಎರಡೂ ವಿಮಾನ ಗುದ್ದಿಕೊಂಡು 583 ಜನ ಸತ್ತರು. ಈಗ ಹಾರೋ ಅನುಮತಿ ಕೊಡುವಾಗ, ಇಲ್ಲ ರದ್ದು ಮಾಡುವಾಗ ಬಿಟ್ರೆ ‘ಟೇಕಾಫ್’ ಅನ್ನೋ ಪದ ರೇಡಿಯೋದಲ್ಲಿ ಆಡೋ ಹಾಗಿಲ್ಲ. ಮಿಕ್ಕಿದ್ದೆಲ್ಲ ‘ಡಿಪಾರ್ಚರ್’.

‘ಸಾರ್, ತಿರುಗಿ ಹೇಳಿದ್ರೂ ಚರ್ಖಿ ದಾದ್ರಿ ಆಯ್ತಲ್ಲ’ ಅಂತ ಬುದ್ಧಿವಂತರು ಬರ್ತೀರ, ಗೊತ್ತು. ಬನ್ನಿ. 1996ರ ನವೆಂಬರ್ 12, ದೆಹಲಿ ಹತ್ತಿರ. ಕಜಕ್ ವಿಮಾನ 15,000 ಅಡಿಯಲ್ಲಿ ನಿಲ್ಬೇಕು, ಸೌದಿಯದ್ದು 14,000ದಲ್ಲಿ. ಕಜಕ್ ವಿಮಾನದಲ್ಲಿ ಟವರ್ ಜೊತೆ ಮಾತಾಡ್ತಿದ್ದವನು ಹಿಂದೆ ಕೂತ ರೇಡಿಯೋ ಆಪರೇಟರ್. ಅವನ ಮುಂದೆ ಎತ್ತರ ತೋರಿಸೋ ಮೀಟರೇ ಇರ್ಲಿಲ್ಲ. ಚುಕ್ಕಾಣಿ ಇನ್ನೊಬ್ಬನ ಕೈಲಿ. ಬಾಯಿ ಒಬ್ಬನದು, ಕೈ ಒಬ್ಬನದು. ಕಜಕ್ ವಿಮಾನ 15,000ಕ್ಕಿಂತ ಕೆಳಗಿಳಿದು ಎರಡೂ ಡಿಕ್ಕಿಯಾದವು, 349 ಜನ ಸತ್ತರು. ಅದರಿಂದ ತಿರುಗಿ ಹೇಳೋದು ದಂಡ ಅಂತ ಹೇಗಾಗುತ್ತೆ? ವಿಮಾನ ಓಡಿಸೋನ ತಲೆಗೂ ಹೋಗ್ಬೇಕಿತ್ತು ಅಂತ ತಾನೇ?

ಸರಿ, ನಾನೇನು ಸಾಚಾ ಅಲ್ಲ. ಒಂದು ಮಳೆ ರಾತ್ರಿ ಪಕ್ಕದ ಸ್ಟೇಷನ್ನಿನ ಹೊಸ ಹುಡುಗ ಲೈನ್ ಕ್ಲಿಯರ್ (ರೈಲು ಕಳಿಸಬಹುದು ಅನ್ನೋ ಅನುಮತಿ) ಕೊಟ್ಟು, ಅದಕ್ಕೆ ಗುರುತಾಗಿ ಪ್ರೈವೇಟ್ ನಂಬರ್ ಹೇಳ್ದ. ‘ಸರಿ ಸರಿ’ ಅಂದೆ. ‘ತಿರುಗಿ ಹೇಳಿ ಸಾರ್’ ಅಂದ. ‘ಏನ್ರೀ, ನಿಮ್ಮಪ್ಪನ ವಯಸ್ಸಿನವನಿಗೆ ಪಾಠ ಹೇಳ್ತೀರಾ?’ ಅಂತ ರೇಗಿದೆ. ಪುಣ್ಯಾತ್ಮ ಫೋನಿಡಲಿಲ್ಲ. ಕೊನೆಗೆ ಹಲ್ಲು ಕಚ್ಚಿಕೊಂಡು ಓದಿದೆ: ‘ಏಳು ಮೂರು.’

‘ಮೂರು ಏಳು ಸಾರ್’ ಅಂದ, ಮೆತ್ತಗೆ.

ಹೊಡೆದು ತಿದ್ದಿ ಪಕ್ಕದಲ್ಲಿ ಸಹಿ ಹಾಕ್ದೆ. ಥ್ಯಾಂಕ್ಸ್ ಹೇಳಲಿಲ್ಲ. ಅವನಿಗೆ ಅಂದಿದ್ದೂ ‘ಓಕೆ’ ಅಷ್ಟೇ.