ಹಾಟ್ ರಾಡ್ ಹಂಡ್ಲಿ ಜಾಝ್ ತಂಡದ ಆಟಗಾರರಲ್ಲ: ಒಂದು ಸ್ಪಷ್ಟನೆ

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರ ಹಾಟ್ ರಾಡ್ ಹಂಡ್ಲಿ ಬಗ್ಗೆ ಕಳೆದ ವಾರ ನಾನು ಬರೆದ ಟಿಪ್ಪಣಿಯೊಂದು ವಾಟ್ಸ್ಆ್ಯಪ್‌ನಲ್ಲಿ ಹರಿದಾಡುತ್ತಿದೆ. 'ಹಾಟ್ ರಾಡ್ ಹಂಡ್ಲಿ ಯೂಟಾ ಜಾಝ್ ತಂಡದಲ್ಲಿ ಆಡಿ, ನಿವೃತ್ತರಾದ ಮೇಲೆ ಅದೇ ತಂಡದ ರೇಡಿಯೊ ವೀಕ್ಷಕ ವಿವರಣೆಕಾರರಾದರು; ಆಟಗಾರರಾಗಿ ಹಾಲ್ ಆಫ್ ಫೇಮ್ (ಬ್ಯಾಸ್ಕೆಟ್‌ಬಾಲ್ ಸಾಧಕರನ್ನು ಗೌರವಿಸುವ ಸಂಸ್ಥೆ) ಗೌರವ ಪಡೆದರು' ಎಂದು ಅದರಲ್ಲಿದೆ. ಜಾಝ್ ಪರ ಆಡಿದ್ದು, ಆಟಗಾರರಾಗಿ ಆ ಗೌರವ ಪಡೆದದ್ದು, ಈ ಎರಡೂ ಮಾತು ತಪ್ಪು. ತಪ್ಪು ನನ್ನದೇ, ಕ್ಷಮೆಯಿರಲಿ.

ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, 1957ರಲ್ಲಿ, ಹಂಡ್ಲಿ ಮೊದಲ ಆಯ್ಕೆ. ಆರು ಋತುಗಳನ್ನೂ ಲೇಕರ್ಸ್ ತಂಡದ ಪರವಾಗಿಯೇ ಆಡಿದರು. ಮೊದಲು ಮಿನಿಯಾಪೊಲಿಸ್‌ನಲ್ಲಿ, 1960ರಲ್ಲಿ ತಂಡ ಸ್ಥಳಾಂತರಗೊಂಡ ಮೇಲೆ ಲಾಸ್ ಏಂಜಲೀಸ್‌ನಲ್ಲಿ. ಅವರು ಆಟ ನಿಲ್ಲಿಸಿದ್ದು 1963ರಲ್ಲಿ. ಜಾಝ್ ತಂಡ ಹುಟ್ಟಿದ್ದೇ 1974ರಲ್ಲಿ, ಅದೂ ನ್ಯೂ ಆರ್ಲಿಯನ್ಸ್‌ನಲ್ಲಿ! ಇಸವಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದ್ದರೆ ಸಾಕಿತ್ತು.

ಜಾಝ್ ಜೊತೆಗಿನ ಅವರ ನಂಟು ಧ್ವನಿಯದು. ಮೊದಲ ಋತುವಿನಿಂದಲೇ ಮೈಕ್ ಹಿಡಿದು, 1979ರಲ್ಲಿ ತಂಡದೊಂದಿಗೆ ಯೂಟಾದ ಸಾಲ್ಟ್ ಲೇಕ್ ಸಿಟಿಗೆ ಬಂದು, 2009ರವರೆಗೆ ಕೇಳುಗರ ಕಣ್ಣಾದರು. ಆರು ವರ್ಷದ ಆಟಕ್ಕಿಂತ ಈ ಎರಡನೆಯ ಬದುಕೇ ದೊಡ್ಡದು ಎಂದು ನನ್ನ ಭಾವನೆ. 2003ರಲ್ಲಿ ಹಾಲ್ ಆಫ್ ಫೇಮ್ ಅವರಿಗೆ ಕೊಟ್ಟದ್ದೂ ಪ್ರಸಾರಕರಿಗೆ ಮೀಸಲಾದ ಕರ್ಟ್ ಗೌಡಿ ಮಾಧ್ಯಮ ಪ್ರಶಸ್ತಿ.

ಹಳೆಯ ಟಿಪ್ಪಣಿಯನ್ನು ದಯವಿಟ್ಟು ಇನ್ನು ಮುಂದೆ ಯಾರಿಗೂ ಕಳುಹಿಸಬೇಡಿ. ಈಗಾಗಲೇ ಕಳುಹಿಸಿದ್ದರೆ, ಅದೇ ಗುಂಪಿಗೆ ಇದನ್ನೂ ತಲುಪಿಸಿ.