ಯಾವ ಹಣ್ಣು ಯಾವ ಪಕ್ಷ

ಚುನಾವಣೆ ಹತ್ತಿರ ಬಂದಾಗ ಕೀನ್ಯಾದಲ್ಲಿ ಯಾವ ವಸ್ತುವನ್ನೂ ನಂಬುವಂತಿಲ್ಲ. 2022ರ ಜುಲೈಯಲ್ಲಿ ಹೂಕುಂಡಗಳಿಗೆ ಮಣ್ಣು ಸಾಗಿಸಲೆಂದು ನೈರೋಬಿಯಲ್ಲಿ ನಾನೊಂದು ಒಂಟಿಚಕ್ರದ ತಳ್ಳುಗಾಡಿ ಕೊಂಡೆ. ಮನೆ ಮುಟ್ಟುವಷ್ಟರಲ್ಲಿ ಬಾಡಿಗೆ ಬೈಕಿನ ಹುಡುಗರು ಶಿಳ್ಳೆ ಹಾಕಿ "ರೂಟೋ, ರೂಟೋ" ಎಂದು ಜೈಕಾರ ಕೂಗಿದರು. ದಿನವೂ ಕೊಸರು ಹಾಕುತ್ತಿದ್ದ ತರಕಾರಿಯವಳು ಮುಖ ತಿರುಗಿಸಿದಳು.

ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ವಿಲಿಯಂ ರೂಟೋ ಅವರ ಪಕ್ಷದ ಚಿಹ್ನೆ ಈ ತಳ್ಳುಗಾಡಿಯೇ. ಒಂಬತ್ತು ವರ್ಷ ದೇಶದ ಉಪಾಧ್ಯಕ್ಷರಾಗಿದ್ದವರು ಬೆವರು ಸುರಿಸುವ ಬಡವರ ಪರವೆಂದು ಗಾಡಿ ಹಿಡಿದು ಹೊರಟಿದ್ದರು. ಬಹುಕಾಲ ವಿರೋಧ ಪಕ್ಷದಲ್ಲೇ ಸವೆದ ಎದುರಾಳಿ ರೈಲಾ ಒಡಿಂಗಾ ಅವರಿಗೆ ಈ ಸಲ ಅಧಿಕಾರದಲ್ಲಿದ್ದ ಅಧ್ಯಕ್ಷರದೇ ಆಶೀರ್ವಾದ. ಆಳುವವರು ಯಾರು, ವಿರೋಧಿಸುವವರು ಯಾರು ಎಂಬುದು ನನಗೆ ಕೊನೆಯವರೆಗೂ ಬಗೆಹರಿಯಲಿಲ್ಲ. ನಮ್ಮ ಕಡೆಯ ರಾಜಕೀಯ ನೋಡಿ ಬೆಳೆದದ್ದರಿಂದ ಗಾಬರಿಯೇನೂ ಆಗಲಿಲ್ಲ, ಅಷ್ಟೆ.

ತರಕಾರಿಯವಳನ್ನು ಒಲಿಸಿಕೊಳ್ಳಲು ಮರುದಿನ ಕಿತ್ತಳೆ ಕೊಂಡೆ. ಅವಳ ಮುಖ ಅರಳಿತು. ಆದರೆ ಕಟ್ಟಡದ ಕಾವಲುಗಾರ ಚೀಲದೊಳಗೆ ಇಣುಕಿ ನಿಟ್ಟುಸಿರುಬಿಟ್ಟ. ಕಿತ್ತಳೆ ರೈಲಾ ಪಕ್ಷದ ಗುರುತು. 2005ರಲ್ಲಿ ಹೊಸ ಸಂವಿಧಾನದ ಮೇಲೆ ಜನಮತ ಕೇಳಿದಾಗ 'ಹೌದು' ಎನ್ನುವವರಿಗೆ ಬಾಳೆಹಣ್ಣು, 'ಬೇಡ' ಎನ್ನುವವರಿಗೆ ಕಿತ್ತಳೆ ಎಂದು ಚಿಹ್ನೆ ಹಂಚಿದ್ದರಂತೆ. ಗೆದ್ದ ಕಿತ್ತಳೆಯ ಹೆಸರಿನಲ್ಲೇ ಒಂದು ಪಕ್ಷ ಹುಟ್ಟಿತು. "ಬಾಳೆಹಣ್ಣು ತರಬಹುದಿತ್ತು ಬಾಸ್, ಅದು ಸೋತ ಹಣ್ಣು, ಯಾರೂ ಏನೂ ಅನ್ನುವುದಿಲ್ಲ" ಎಂದು ಕಾವಲುಗಾರ ಬುದ್ಧಿ ಹೇಳಿದ. ಅಂದಿನಿಂದ ಅವನನ್ನು ಕೇಳದೆ ನಾನು ಹಣ್ಣು ಕೊಂಡಿಲ್ಲ. ಅಂಗಿಯ ಬಣ್ಣಕ್ಕೂ ಅವನ ಒಪ್ಪಿಗೆ ಪಡೆಯತೊಡಗಿದೆ. ಹಳದಿಯೆಂದರೆ ಮತ್ತೆ ರೂಟೋ.

ಮೂರನೆಯವರೊಬ್ಬರಿದ್ದರು, ಜಾರ್ಜ್ ವಜಕೋಯಾ. ಗಾಂಜಾ ಬೆಳೆದು, ಹಾವು ಸಾಕಿ, ಕತ್ತೆಕಿರುಬದ ವೃಷಣ ರಫ್ತು ಮಾಡಿ ದೇಶದ ಸಾಲ ತೀರಿಸುತ್ತೇನೆಂದರು. ವಾರಕ್ಕೆ ನಾಲ್ಕೇ ದಿನ ಕೆಲಸ ಎಂದೂ ಸೇರಿಸಿದಾಗ ನಮ್ಮ ಕಚೇರಿಯಲ್ಲಿ ಕೆಲವರು ಗಂಭೀರರಾದರು.

ಮತದಾನ ಆಗಸ್ಟ್ 9ಕ್ಕೆ. ಅದಕ್ಕೆ ಮೊದಲೇ ನಮ್ಮ ಭಾರತೀಯ ಗೆಳೆಯರು ಅಕ್ಕಿ, ತೊಗರಿಬೇಳೆ, ಗ್ಯಾಸ್ ಪೇರಿಸತೊಡಗಿದರು. ನಗುವುದು ಸುಲಭ, 2007ರ ಚುನಾವಣೆಯ ನಂತರ ಸಾವಿರಕ್ಕೂ ಹೆಚ್ಚು ಜನ ಸತ್ತದ್ದನ್ನು ಕಂಡವರು ಅವರು. ಗೆಳತಿಯೊಬ್ಬಳು ಕಳಿಸಿದ ಪಟ್ಟಿಯಂತೆ ನಾನೂ ಬೇಳೆ ತಂದಿಟ್ಟೆ.

ಮತದಾನದ ದಿನ ಒಬ್ಬೊಬ್ಬರಿಗೂ ಆರಾರು ಮತಪತ್ರ. ಎಣಿಕೆ ಶುರುವಾದ ಮೇಲೆ ಮಜಾ. ನಲವತ್ತಾರು ಸಾವಿರಕ್ಕೂ ಹೆಚ್ಚು ಮತಗಟ್ಟೆಗಳ ಫಲಿತಾಂಶದ ಹಾಳೆಗಳನ್ನು ಆಯೋಗ ಅಂತರ್ಜಾಲಕ್ಕೇ ಏರಿಸಿತು, ಬೇಕಾದವರು ಕೂಡಿಸಿಕೊಳ್ಳಬಹುದಿತ್ತು. ಒಂದು ಟಿ.ವಿ.ಯಲ್ಲಿ ರೂಟೋ ಮುಂದೆ, ಇನ್ನೊಂದರಲ್ಲಿ ರೈಲಾ. ಕಾವಲುಗಾರ ಮೊಬೈಲಿನ ಕ್ಯಾಲ್ಕುಲೇಟರ್ ಹಿಡಿದು ಗೇಟಿನ ಬಳಿಯೇ ಮೂರನೆಯ ಲೆಕ್ಕ ಹಾಕಿದ. ಗೇಟು ತೆರೆಯಲು ಹಾರ್ನ್ ಮಾಡಿದರೆ ಕೈ ಎತ್ತಿ, "ತಡೆಯಿರಿ, ಶೇಷ ಉಳಿದಿದೆ" ಎನ್ನುತ್ತಿದ್ದ.

15ರಂದು ಶೇ. 50.49 ಮತ ಪಡೆದ ರೂಟೋ ಗೆದ್ದರೆಂದು ಘೋಷಣೆಯಾಯಿತು. ಆಯೋಗದ ಏಳು ಮಂದಿಯಲ್ಲಿ ನಾಲ್ವರು ಇದು ನಮ್ಮ ಫಲಿತಾಂಶವೇ ಅಲ್ಲವೆಂದರು. ರೈಲಾ ಸುಪ್ರೀಂ ಕೋರ್ಟಿಗೆ ಹೋದರು. 2017ರಲ್ಲಿ ಇದೇ ಕೋರ್ಟು ಚುನಾವಣೆಯನ್ನೇ ರದ್ದು ಮಾಡಿ ಮರುಮತದಾನ ಮಾಡಿಸಿತ್ತಲ್ಲ! ಮೊದಲ ಸುತ್ತಿನ ಬೇಳೆ ಡಬ್ಬಿಯಲ್ಲಿ ಹಾಗೇ ಇರುವಾಗಲೇ ಗೆಳತಿ ಎರಡನೆಯ ಸುತ್ತಿನ ಪಟ್ಟಿ ಕಳಿಸಿದಳು. ಈ ಸಲ ಅದರಲ್ಲಿ ಹಪ್ಪಳವೂ ಇತ್ತು.