ನುಗ್ಗಿದ್ದು ಮನೆಗೆ, ಲೆಕ್ಕ ದೋಣಿಗೆ

ಅಮೆರಿಕದಲ್ಲಿ ಕಳ್ಳತನಕ್ಕಿಳಿಯುವ ಯೋಚನೆ ಇದ್ದವರು ಮೊದಲು ಮನೆ ನೋಡಿಡಬಾರದು, ರಾಜ್ಯ ನೋಡಿಡಬೇಕು. ಅಯೋವಾ ಆದೀತು.

ಇಡೀ ದೇಶಕ್ಕೆ ಅನ್ವಯಿಸುವ 1984ರ ಒಂದು ಫೆಡರಲ್ ಕಾಯ್ದೆಯಿದೆ. ಹಳೇ ಅಪರಾಧಿಯ ಕೈಯಲ್ಲಿ ಬಂದೂಕು ಸಿಕ್ಕಿ, ಅವನ ಹೆಸರಲ್ಲಿ ಹಿಂಸೆಯದ್ದೋ ಗಂಭೀರ ಡ್ರಗ್ಸ್‌ನದ್ದೋ ಬೇರೆ ಬೇರೆ ಸಂದರ್ಭಗಳ ಮೂರು ಶಿಕ್ಷೆಗಳಿದ್ದರೆ ಕನಿಷ್ಠ 15 ವರ್ಷ ಜೈಲು. ಕನ್ನಗಳವೂ ಹಿಂಸೆಯ ಪಟ್ಟಿಯಲ್ಲೇ ಇದೆ. ಮೂರರವರೆಗೆ ಎಣಿಸುವುದೇನು ಮಹಾ ಅಂತೀರಾ? 1990ರಲ್ಲಿ ಸುಪ್ರೀಂ ಕೋರ್ಟು ಅಪ್ಪಣೆ ಕೊಡಿಸಿತು: ಆಸಾಮಿ ಏನು ಮಾಡಿದ ಅಂತ ನೋಡಬೇಡಿ, ಅವನಿಗೆ ಶಿಕ್ಷೆ ಕೊಟ್ಟ ರಾಜ್ಯದ ಕಾಯ್ದೆಯಲ್ಲಿ ಏನು ಬರೆದಿದೆ ಅಂತ ನೋಡಿ.

ನೋಡಿದರು. 2016ರ ಮ್ಯಾಥಿಸ್ ಪ್ರಕರಣದ ಆರೋಪಿಗೆ ಅಯೋವಾದಲ್ಲಿ ಐದು ಕನ್ನಗಳವಿನ ಶಿಕ್ಷೆ. ನುಗ್ಗಿದ್ದು ಮನೆ, ಗ್ಯಾರೇಜುಗಳಿಗೆ ಎಂದು ಕಡತವೇ ಹೇಳುತ್ತಿತ್ತು. ಆದರೆ ಅಯೋವಾದ ಶಾಸಕರು ಧಾರಾಳಿಗಳು. ಕಟ್ಟಡದ ಜೊತೆ ನೆಲ, ನೀರು, ಆಕಾಶದ ವಾಹನಗಳನ್ನೂ ಅದೇ ಸೆಕ್ಷನ್ನಿಗೆ ತುಂಬಿದ್ದರು. ಫೆಡರಲ್ ಲೆಕ್ಕದ ಕನ್ನಕ್ಕೆ ಕಟ್ಟಡವೇ ಆಗಬೇಕು. ದೋಣಿಗೆ ನುಗ್ಗಿದವನಿಗೂ ಇದೇ ಸೆಕ್ಷನ್ ತಾನೆ? ಹಾಗಾದರೆ ಐದೂ ಲೆಕ್ಕಕ್ಕಿಲ್ಲ ಎಂದಿತು ಸುಪ್ರೀಂ ಕೋರ್ಟು! ಕಳ್ಳನಿಗೊಂದು ಪಿಳ್ಳೆ ನೆವ ಅಂತಾರೆ. ಇಲ್ಲಿ ನೆವವನ್ನು ಶಾಸನಸಭೆಯೇ ಬರೆದುಕೊಟ್ಟಿತ್ತು. ಭಿನ್ನಮತದ ತೀರ್ಪು ಬರೆದ ನ್ಯಾಯಮೂರ್ತಿ ಅಲಿಟೊ, ಜಿಪಿಎಸ್ ನಂಬಿ ಬ್ರಸೆಲ್ಸ್ ಬದಲು ಕ್ರೊಯೇಷಿಯಾದ ಝಾಗ್ರೆಬ್ ತಲುಪಿದ ಬೆಲ್ಜಿಯಂ ಹೆಂಗಸಿನ ಕಥೆ ಹೇಳಿ ನಿಟ್ಟುಸಿರು ಬಿಟ್ಟರು.

ಇಲಿನಾಯ್‌ನವರು ಇನ್ನೂ ಒಂದು ಕೈ ಮೇಲು. ಅವರ ಕಾಯ್ದೆಯ 'ಕೊಕೇನ್' ಫೆಡರಲ್ ಕೊಕೇನಿಗಿಂತ ಒಂದು ಜಾತಿ ಐಸೋಮರಿನಷ್ಟು (ಅವೇ ಪರಮಾಣುಗಳು, ಜೋಡಣೆ ಮಾತ್ರ ಬೇರೆ) ದೊಡ್ಡದು. ಆದ್ದರಿಂದ ಅಲ್ಲಿ ಕೊಕೇನ್ ಮಾರಿ ಸಿಕ್ಕಿಬಿದ್ದವನ ಹಳೇ ಶಿಕ್ಷೆಯನ್ನು ಹಿಡಿದು ಹೊಸ ಶಿಕ್ಷೆ ಹೆಚ್ಚಿಸುವಂತಿಲ್ಲ ಎಂದು 2020ರಲ್ಲಿ ಮೇಲ್ಮನವಿ ಕೋರ್ಟು ಹೇಳಿತು. ಆ ಐಸೋಮರನ್ನು ಬೀದಿ ಮೂಲೆಯಲ್ಲಿ ನಿಂತು ಮಾರುವ ಭೂಪ ಯಾರಪ್ಪ ಅಂತ ಕೇಳಬೇಡಿ. ವಾಸ್ತವದ ಪ್ರಶ್ನೆಗೆ ಅಲ್ಲಿ ಪ್ರವೇಶವಿಲ್ಲ.

ಹಾಗಂತ ಕೋರ್ಟುಗಳಿಗೆ ಕಳ್ಳರ ಮೇಲೆ ಮಮಕಾರವೇನೂ ಇಲ್ಲ. ಜಾರ್ಜಿಯಾದಲ್ಲಿ 1997ರ ಒಂದು ರಾತ್ರಿ ಒಬ್ಬ ಒಂದೇ ಗೋದಾಮಿನ ಸಾಲು ಕೋಣೆಗಳ ನಡುಗೋಡೆ ಒಡೆಯುತ್ತಾ ಹತ್ತು ಕೋಣೆ ದೋಚಿದ. ಮುಂದೆಂದೋ ಮನೆಯಲ್ಲಿ ಬಂದೂಕು ಸಿಕ್ಕಿತು. ಒಂದು ಕೋಣೆಯ ಕಳವು ಮುಗಿದ ಮೇಲೆ ತಾನೆ ಇನ್ನೊಂದಕ್ಕೆ ಹೋದದ್ದು? ಆದ್ದರಿಂದ ಇವು ಬೇರೆ ಬೇರೆ ಸಂದರ್ಭಗಳು ಎಂದು ಕೆಳಗಿನ ಕೋರ್ಟುಗಳು ಲೆಕ್ಕ ಹಾಕಿ ಸುಮಾರು 16 ವರ್ಷ ಜಡಿದವು. ಆ ರಾತ್ರಿಯದ್ದೆಲ್ಲ ಒಂದೇ ಸಂದರ್ಭ ಎಂದು ಹೇಳಲು 2022ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಕೂಡಬೇಕಾಯಿತು.

ಆಸಾಮಿ ಮಾಡಿದ್ದನ್ನು ನೋಡದ ಈ ಕಣ್ಣುಪಟ್ಟಿಗೆ ಕಾರಣ ಇಲ್ಲದಿಲ್ಲ. ಶಿಕ್ಷೆ ಏರಿಸುವ ಸಂಗತಿಗಳನ್ನು ಜ್ಯೂರಿ ತೀರ್ಮಾನಿಸಬೇಕೇ ಹೊರತು, ಹಳೇ ಕಡತ ಕೆದಕಿ ನ್ಯಾಯಾಧೀಶರಲ್ಲ. ಸರಿಯಾದ ಮಾತೇ. 2024ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನಿಂದ ಅದೂ ಜಾರಿಗೆ ಬಂತು. ದಶಕಗಳ ಹಿಂದಿನ ಕಳವುಗಳು ಒಂದೇ ಸಂದರ್ಭದವೋ ಬೇರೆ ಬೇರೆಯವೋ ಎಂಬುದನ್ನು ಈಗ ಜ್ಯೂರಿಯೇ ಹೇಳಬೇಕು. ಹನ್ನೆರಡು ಜನ ಕೂತು ಗೋಡೆ, ಗಡಿಯಾರ, ಕ್ಯಾಲೆಂಡರು ಎಲ್ಲಾ ಪರಿಶೀಲಿಸಬಹುದು. ಅಯೋವಾದ ಕಳ್ಳ ನುಗ್ಗಿದ್ದು ಮನೆಗೋ ದೋಣಿಗೋ ಅಂತ ಮಾತ್ರ ಅವರನ್ನು ಯಾರೂ ಕೇಳುವುದಿಲ್ಲ.